ಮಾರಾಟವಾಗಬಾರದಿದ್ದ ಮನೆ

ಗುರುವಾರ ಹನ್ನೊಂದೂವರೆಗೆ ಅನಂತರಾಜುವಿನ ಮನೆ ರಿಜಿಸ್ಟ್ರೇಷನ್ ಎಂಬುದು ಇಂಪನಾಗೆ ತಿಳಿದದ್ದು ಪತ್ರ ಬರಹಗಾರ ಚನ್ನವೀರಯ್ಯನವರ ಬಾಯಿಂದ. ಬೇರೊಂದು ಸೈಟಿನ ಕಾಗದಕ್ಕೆಂದು ಅವಳು ತುಮಕೂರಿನ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಅವರ ಅಂಗಡಿಗೆ ಹೋಗಿದ್ದಳು. ನಾಳೆ ನೀವೂ ಬರ್ತೀರಲ್ಲಮ್ಮ ಎಂದು ಅವರು ಸಹಜವಾಗಿ ಕೇಳಿದರು. ಅವಳು ತಲೆಯಾಡಿಸಿದಳು. ತಂದಿದ್ದ ಕಾಗದವನ್ನು ಅಂಗಡಿಯಲ್ಲೇ ಮರೆತು ಹೊರಗೆ ಬಂದು ಸ್ಕೂಟರ್ ಹತ್ತಿದಳು.

ಆ ಮನೆಗೆ ಗಿರಾಕಿ ತಂದವಳು ಅವಳೇ. ನಿವೃತ್ತ ಮೇಷ್ಟ್ರು ಅಂಜನಮೂರ್ತಿಯವರನ್ನು ಮೂರು ಸಲ ಕರೆದೊಯ್ದು ತಾರಸಿ, ಸಂಪು, ಪಕ್ಕದವರ ಕಾಂಪೌಂಡು ಎಲ್ಲ ತೋರಿಸಿದ್ದಳು. ಈಗ ಇಬ್ಬರೂ ಅವಳನ್ನು ಬಿಟ್ಟು ವ್ಯವಹಾರ ಮುಗಿಸಿಕೊಳ್ಳುತ್ತಿದ್ದರು. ಎಂಟು ವರ್ಷದ ಬ್ರೋಕರ್ ಕೆಲಸದಲ್ಲಿ ಎಷ್ಟೋ ಜನ ಹೀಗೆ ಮಾಡಿದ್ದರು. ಅವಳು ಮನಸಾರೆ ಬೈದು ಮರುದಿನ ಮರೆಯುತ್ತಿದ್ದಳು.

ಆದರೆ ಅವರಲ್ಲಿ ಯಾರನ್ನೂ ಅವಳು ಪ್ರೀತಿಸಿರಲಿಲ್ಲ.

ಅನಂತರಾಜು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಓಡಿಸುವವನು. ಡಿವೋರ್ಸ್ ಆಗಿ ಎರಡು ವರ್ಷವಾಗಿತ್ತು. ಮರಳೂರಿನ ಆ ಮನೆ ಮಾತ್ರ ಇನ್ನೂ ಅವನ ಮತ್ತು ಮಾಜಿ ಹೆಂಡತಿ ಶಿಲ್ಪಾಳ ಜಂಟಿ ಹೆಸರಲ್ಲೇ ಇತ್ತು. ಈ ತಿಂಗಳೊಳಗೆ ಅದನ್ನು ಮಾರಿ ಅರ್ಧ ಅವಳಿಗೆ ಕೊಡಬೇಕೆಂದು ಕೋರ್ಟಿನಲ್ಲಿ ರಾಜಿಯಾಗಿತ್ತು. ತಪ್ಪಿದರೆ ಕೇಸು ಮತ್ತೆ ಮೊದಲಿಂದ. ಮಾರಿದ ಮೇಲೆ ಈ ಊರಲ್ಲಿ ಇರಲಾರೆ, ಕುಣಿಗಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಹೇಳಿಟ್ಟಿದ್ದೇನೆ ಎಂದು ಅವನು ಮೊದಲ ದಿನವೇ ಅಂದಿದ್ದ.

ಮೊದಲ ದಿನ ಅಷ್ಟೇ ಮಾತು. ಆಮೇಲೆ ಅವಳು ಗಿರಾಕಿ ಕರೆತಂದಾಗಲೆಲ್ಲ ಅವನು ಅಡುಗೆಮನೆಗೆ ಹೋಗಿ ಟೀ ಕಾಯಿಸುತ್ತಿದ್ದ. ಎಲ್ಲರಿಗೂ ಸಕ್ಕರೆ ಹಾಕಿ, ಅವಳ ಲೋಟವನ್ನು ಬೇರೆಯೇ ತರುತ್ತಿದ್ದ. ತನಗೆ ಸಕ್ಕರೆ ಬೇಡವೆಂದು ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಬಂದವನೊಬ್ಬ ಹಾಲ್ ಇನ್ನೊಂದು ಎರಡಡಿ ಅಗಲ ಆಗುತ್ತದಾ ಎಂದು ಕೇಳಿದ ದಿನ, ಅವನ ಹೆಗಲಾಚೆ ಇವರಿಬ್ಬರ ಕಣ್ಣು ಸೇರಿ, ಅವಳು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ್ದಳು. ತಿರುಗಿ ನೋಡಿದರೆ ಅವನು ಇನ್ನೂ ಅವಳನ್ನೇ ನೋಡುತ್ತಿದ್ದ.

ಅವಳ ಸಂಕಟ ಶುರುವಾದದ್ದೇ ಅಲ್ಲಿಂದ. ಮನೆ ಮಾರಾಟವಾದರೆ ಅವನು ಹೊರಟುಹೋಗುತ್ತಾನೆ. ಯಾರಾದರೂ ಬೇಡ ಎಂದರೆ ಅವಳು ಮುಖ ಸಣ್ಣಗೆ ಮಾಡಿಕೊಂಡು, ಒಳಗೊಳಗೆ ನೆಮ್ಮದಿಯ ಉಸಿರು ಬಿಡುತ್ತಿದ್ದಳು. ಆಮೇಲೆ ನಾಚಿಕೆಯಿಂದ ಇನ್ನಿಬ್ಬರು ಗಿರಾಕಿಗಳನ್ನು ಹುಡುಕುತ್ತಿದ್ದಳು.

ಒಂದು ಸಂಜೆ ಅವನು ರೇಗಿದ್ದ. "ನಾಲ್ಕು ತಿಂಗಳಾಯ್ತು ಮೇಡಂ. ಬಾಗ್ಲು ತೆಗ್ದು ತೋರ್ಸೋದು ಬಿಟ್ಟು ಇನ್ನೇನ್ ಮಾಡಿದೀರಾ ನೀವು?"

ಏನು ಮಾಡಿದ್ದೇನೆಂದು ಅವಳು ಹೇಳುವಂತಿರಲಿಲ್ಲ.

ಶಿಲ್ಪಾಳ ಸಹಿಯಿಲ್ಲದೆ ಆ ಮನೆ ಯಾರಿಗೂ ಹೋಗುವಂತಿರಲಿಲ್ಲ; ಅವಳೋ ಗುಬ್ಬಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು, ವಕೀಲರ ಫೋನನ್ನೂ ಎತ್ತುತ್ತಿರಲಿಲ್ಲ. ಇಂಪನಾ ನಾಲ್ಕು ಭಾನುವಾರ ಬಸ್ಸು ಹತ್ತಿ ಗುಬ್ಬಿಗೆ ಹೋದಳು. ಮೊದಲ ವಾರ ಶಿಲ್ಪಾ ಬಾಗಿಲಿಂದಲೇ ಕಳಿಸಿದಳು. ಎರಡನೆಯ ವಾರ ನೀರು ಕೊಟ್ಟಳು. ಮೂರನೆಯ ವಾರ ಬ್ಲೌಸಿಗೆ ಹುಕ್ ಹಾಕುತ್ತ ಹಾಕುತ್ತ ಇಡೀ ಸಂಸಾರದ ಕಥೆ ಹೇಳಿದಳು. ಅವನು ಕೆಟ್ಟವನಲ್ಲ ಅಕ್ಕ, ಬಾಯಿ ಬಿಡಲ್ಲ ಅಷ್ಟೆ, ಎದುರಿಗಿರೋಳು ಕಾದೂ ಕಾದೂ ಸಾಯ್ಬೇಕು ಅಂದಳು. ಅವನನ್ನು ಹೀಗೆ ಇನ್ನೊಬ್ಬಳಿಂದ ತಿಳಿಯುವಾಗ ಇಂಪನಾಗೆ ಎದೆಯಲ್ಲಿ ಚುಳ್ಳೆನ್ನುತ್ತಿತ್ತು. ನಾಲ್ಕನೆಯ ವಾರ ಶಿಲ್ಪಾ ಒಪ್ಪಿದಳು, ಒಂದೇ ಮಾತಿನ ಮೇಲೆ. ಸಹಿಯ ದಿನ ಅಕ್ಕ ಜೊತೆಗಿರಬೇಕು, ಅಲ್ಲಿಯವರೆಗೆ ಅವನಿಗೆ ಏನೂ ಹೇಳಬಾರದು. ಒಪ್ಪಿಗೆಯನ್ನು ಶಿಲ್ಪಾ ವಕೀಲರಿಗೆ ತಿಳಿಸಿದ್ದರಿಂದ, ಅವಳನ್ನು ಒಪ್ಪಿಸಿದ್ದು ಅವರೇ ಎಂದು ಅನಂತರಾಜು ನಂಬಿಕೊಂಡಿದ್ದ.

ಶಿಲ್ಪಾಗೆ ಕೊಟ್ಟ ಮಾತು ಚುಚ್ಚುತ್ತಿದ್ದರೂ, ಕರೆಯದ ಕಡೆ ಹೋಗಲಾರದೆ ಗುರುವಾರ ಇಂಪನಾ ಮನೆಯಲ್ಲೇ ಕುಳಿತಳು. ಹನ್ನೆರಡಕ್ಕೆ ಅನಂತರಾಜುವಿನ ಫೋನ್ ಬಂತು.

"ಮೇಡಂ, ಶಿಲ್ಪಾ ಬಂದವ್ಳೆ. ಆಟೋದಿಂದ ಇಳೀತಿಲ್ಲ. ಇಂಪನಕ್ಕ ಬರ್ದೆ ಸೈನ್ ಹಾಕಲ್ಲ ಅಂತಾವ್ಳೆ." ಅವನ ದನಿ ಒಡೆದಿತ್ತು. "ಅವ್ಳು ನಿಮಗೆ ಹೆಂಗೆ ಗೊತ್ತು?"

ಹೋಗದೆ ಇದ್ದರೆ ಸಾಕು, ಮನೆ ಉಳಿಯುತ್ತದೆ. ಅವನು ಇಲ್ಲೇ ಉಳಿಯುತ್ತಾನೆ. ಕೇಸು ಇನ್ನೂ ನಾಲ್ಕು ವರ್ಷ ಎಳೆಯಲಿ, ನಾಲ್ಕು ವರ್ಷವೂ ಅವನು ಕಣ್ಣೆದುರಿಗೇ ಇರುತ್ತಾನೆ. ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಭಯವಾಯಿತು. ಕೋರ್ಟಿನ ದಿನಗಳ ಬಗ್ಗೆ ಒಮ್ಮೆ ಹೇಳುವಾಗ ಅವನ ಮುಖ ಬೂದಿಯಂತಾಗಿದ್ದು ನೆನಪಿಗೆ ಬಂತು. ಬರ್ತೀನಿ ಎಂದಷ್ಟೇ ಹೇಳಿ ಸ್ಕೂಟರ್ ತೆಗೆದಳು.

ಕಚೇರಿಯ ಬೆಂಚಿನಲ್ಲಿ ಅವಳು ಇಬ್ಬರ ನಡುವೆ ಕುಳಿತಳು. ಶಿಲ್ಪಾ ಅವಳ ಕೈ ಹಿಡಿದುಕೊಂಡೇ ಇದ್ದಳು. ಫೋಟೋ, ಹೆಬ್ಬೆಟ್ಟು, ಸಹಿ ಎಲ್ಲ ಮುಗಿದ ಮೇಲೆ ಎದ್ದು ನಿಂತು, ಎರಡು ವರ್ಷದಲ್ಲಿ ಮೊದಲ ಬಾರಿಗೆ ಅನಂತರಾಜುವಿನ ಮುಖ ನೋಡಿದಳು.

"ನಾಲ್ಕು ಭಾನುವಾರ ಬಸ್ಸಲ್ಲಿ ಬಂದವ್ರೆ ಈ ಅಕ್ಕ. ನಮ್ ಕಡೆಯೋರು, ನಿಮ್ ಕಡೆಯೋರು ಯಾರೂ ಇಷ್ಟು ಓಡಾಡ್ಲಿಲ್ಲ. ತಿಳ್ಕೊಂಡಿರಿ."

ಅಂಜನಮೂರ್ತಿ ಮೇಷ್ಟ್ರು ಕಮಿಷನ್ನಿಗೆಂದು ಚೆಕ್‌ಬುಕ್ ತೆಗೆದು ಇಂಪನಾಳ ಹೆಸರು ಬರೆದರು. ಅವಳನ್ನು ಬಿಟ್ಟುಬಿಡೋಣ ಎಂದು ಮೊದಲು ಹೇಳಿದವರು ಅವರೇ.

ಅವಳು ಸ್ಕೂಟರಿನ ಹತ್ತಿರ ಹೋಗುವಷ್ಟರಲ್ಲಿ ಅನಂತರಾಜು ಓಡಿಬಂದು ಒಂದು ಕವರ್ ಚಾಚಿದ. ಅವಳು ತೆಗೆದುಕೊಂಡು ಬ್ಯಾಗಿಗೆ ಹಾಕಿದಳು.

"ಬೇಡ ಅನ್ನಲ್ಲ. ದುಡಿದಿದೀನಿ," ಎಂದಳು. ಇಷ್ಟಕ್ಕೇ ನಿಲ್ಲಿಸಬೇಕೆಂದುಕೊಂಡಿದ್ದಳು, ಆಗಲಿಲ್ಲ. "ಆದ್ರೆ ಆ ಮನೆ ಮಾರಾಟ ಆಗ್ಬಾರ್ದು ಅಂತ ದಿನಾ ದೇವ್ರಿಗೆ ಕೈ ಮುಗೀತಿದ್ದೆ."

"ಮತ್ತೆ ಗುಬ್ಬಿಗೆ ಯಾಕೆ ಹೋದ್ರಿ?"

"ನಿಮಗೆ ಮಾರ್ಲೇಬೇಕಿತ್ತಲ್ಲ."

ಅವಳು ಕಾದಳು. ಕಚೇರಿಯ ಮೆಟ್ಟಿಲನ್ನು ಜನ ಇಳಿದರು, ಹತ್ತಿದರು. ಎದುರಿಗಿರೋಳು ಕಾದೂ ಕಾದೂ ಸಾಯ್ಬೇಕು. ಅವಳು ಸ್ಕೂಟರ್ ಸ್ಟಾರ್ಟ್ ಮಾಡಿದಳು. ಅವನು ಹ್ಯಾಂಡಲ್ ಹಿಡಿದ.

"ನಿಮ್ಮನ್ನ ಬಿಟ್ಟು ಮುಗಿಸ್ಬೇಕು ಅಂದ್ಕೊಂಡಿದ್ದು ಅರ್ಧ ದುಡ್ಡಿನಾಸೆಗೆ. ಅದನ್ನ ಮುಚ್ಚಿಡಲ್ಲ. ಇನ್ನರ್ಧ, ನೀವು ಎದುರಿಗಿದ್ರೆ ನನ್ ಕೈಲಿ ಸೈನ್ ಹಾಕೋಕೆ ಆಗಲ್ಲ ಅನ್ನಿಸ್ತಿತ್ತು ಇಂಪನಾ." ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹ್ಯಾಂಡಲ್ ಬಿಡದೆ ಮುಂದುವರಿಸಿದ. "ಕುಣಿಗಲ್ಲಲ್ಲಿ ಒಂದು ಬಾಡಿಗೆ ಮನೆ ನೋಡಿದೀನಿ. ಅಡ್ವಾನ್ಸ್ ಕೊಟ್ಟಿಲ್ಲ. ಭಾನುವಾರ ಬಂದು ನೋಡಿ ಹೇಳಿ, ಇಬ್ರಿಗೆ ಸಾಕಾಗುತ್ತಾ ಅಂತ."

ಸಾವಿರ ಮನೆಗಳ ಬಗ್ಗೆ ನಿಂತ ನಿಲುವಿನಲ್ಲಿ ಮಾತಾಡಬಲ್ಲವಳು ಸ್ಕೂಟರ್ ಆಫ್ ಮಾಡಿದಳು. ಅವನ ಕೈ ಇನ್ನೂ ಹ್ಯಾಂಡಲಿನ ಮೇಲೆಯೇ ಇತ್ತು.

"ನೀರು ಹೆಂಗೆ ಅಲ್ಲಿ?" ಎಂದು ಕೊನೆಗೆ ಕೇಳಿದಳು.

"ದಿನ ಬಿಟ್ಟು ದಿನ."

"ಸಾಕು," ಎಂದಳು. ಅಷ್ಟರಲ್ಲಿ ಅಳು ಬಂದೇಬಿಟ್ಟಿತು.