ಹೊಳೆಯಬಾರದ ಸ್ಲೈಡು

ಗೂಬೆ ನನ್ನ ಕೈ ಹಿಡಿಯುವುದನ್ನು ನಿಲ್ಲಿಸಿದ್ದಾನೆ ಎಂಬುದು ನನ್ನ ಗಮನಕ್ಕೆ ಬಂದದ್ದೇ ತಡವಾಗಿ. ಬಂದಾಗ ಬೇಜಾರಾಗಬೇಕಿತ್ತು. ಆಗಲಿಲ್ಲ.

ನಾನು ಹಾಗೇ. ಅಪ್ಪ ತೀರಿಕೊಂಡ ದಿನ ಅಕ್ಕ ನನ್ನ ಪಾಲಿನದನ್ನೂ ಸೇರಿಸಿ ಅತ್ತಳು. ನಾನು ಬಂದವರಿಗೆ ಕುರ್ಚಿ ಹಾಕುತ್ತಾ ನಿಂತೆ. ಆವತ್ತಿನಿಂದ ಯಾವುದೂ ನನಗೆ ಅಷ್ಟಾಗಿ ತಟ್ಟುವುದಿಲ್ಲ.

ನಾವಿಬ್ಬರೂ ಇರುವುದು ಒಂದು ಸಂಶೋಧನಾ ಲ್ಯಾಬಿನಲ್ಲಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುತ್ತದಲ್ಲ, ಬೇಲಿಯೇ ಎದ್ದು ಹೊಲ ಮೇಯುವುದು, ಅಂಥ ಕಾಯಿಲೆಗಳೇ ನಮ್ಮ ಕಸುಬು. ರೋಗಿಯ ರಕ್ತವನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಹೋಲಿಕೆಗೆ ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ಹೊರಗಿನವರನ್ನು ಎಲ್ಲಿ ಹುಡುಕುವುದು? ಲ್ಯಾಬಿನವರೇ ತೋಳು ಚಾಚುವುದು ನಮ್ಮಲ್ಲಿ ರೂಢಿ. ರೋಗಿಗಳ ರಕ್ತದ ನಳಿಕೆಗೆ ಕೆಂಪು ಮುಚ್ಚಳ, ನಮ್ಮದಕ್ಕೆ ನೀಲಿ.

ನನ್ನ ನರ ಚೆನ್ನಾಗಿ ಕಾಣುತ್ತದೆಂದು ನೀಲಿ ಮುಚ್ಚಳದೊಳಗೆ ಹೆಚ್ಚಾಗಿ ನಾನೇ ಇರುತ್ತಿದ್ದೆ. ರಕ್ತ ತೆಗೆಯುವವನು ಗೂಬೆ. ಇಡೀ ದಿನ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕಣ್ಣರಳಿಸಿ ಕೂರುತ್ತಾನೆಂದು ಆ ಹೆಸರು. ಇಟ್ಟವಳು ನಾನೇ.

"ಸ್ವಲ್ಪ ಚುರ್ ಅನ್ನತ್ತೆ," ಎನ್ನುತ್ತಿದ್ದ, ಪ್ರತಿ ಸಲವೂ.

"ಚುಚ್ಚೋದು ನಂಗೆ, ಬೆವರೋದು ನೀನು. ಮುಖ ಎತ್ತಿ ನೋಡಿ ಹೇಳು."

"ನಿನ್ನ ಮುಖ ನೋಡಿದ್ರೆ ನರ ತಪ್ಪತ್ತೆ. ಸುಮ್ನಿರು."

ಆಮೇಲೆ ಹತ್ತಿ ಒತ್ತಿ ಹಿಡಿಯುತ್ತಿದ್ದ. ರಕ್ತ ನಿಂತ ಮೇಲೂ ಹಿಡಿದೇ ಇರುತ್ತಿದ್ದ, ಕಣ್ಣು ಮಾತ್ರ ಕಿಟಕಿಯ ಕಡೆ. ನಾನೂ ಕೈ ಎಳೆದುಕೊಳ್ಳುತ್ತಿರಲಿಲ್ಲ. ನಮ್ಮ ಪ್ರೇಮ ಅಂದರೆ ಅಷ್ಟೇ, ಒಂದು ಹತ್ತಿ ಉಂಡೆ.

ಅವನದೇ ರಕ್ತ ಕೇಳಿದರೆ ಮಾತ್ರ ಮಾಯ. ಒಮ್ಮೆ ಸೂಜಿ ಕಂಡೇ ಧೊಪ್ಪೆಂದು ಬಿದ್ದಿದ್ದ. ಲ್ಯಾಬಿನ ಮೇಡಂ ಮುಖಕ್ಕೆ ನೀರು ಚಿಮುಕಿಸಬೇಕಾಯಿತು. ಅಂಥವನು, ಈಚೆಗೆ ನನ್ನ ರಕ್ತ ಕೇಳುವುದನ್ನೇ ಬಿಟ್ಟವನು, ಕಳೆದ ವಾರ ತೋಳು ಮಡಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಆಸ್ಪತ್ರೆಯಿಂದ ಸಂಶೋಧನೆಗೆಂದು ಹೊಸದಾಗಿ ಬಂದಿರುವ ಡಾಕ್ಟರಮ್ಮ ಅವನ ಮೊಣಕೈಗೆ ಹತ್ತಿ ಒತ್ತಿ ಏನೋ ಹೇಳಿ ನಗುತ್ತಿದ್ದರು. ಅವನೂ ಬಿಳಿಚಿದ ಮುಖದಲ್ಲೇ ನಕ್ಕ. ನಾನು ಐಸ್ ಡಬ್ಬ ಹಿಡಿದುಕೊಂಡು ಹಾಗೇ ಹಿಂದಕ್ಕೆ ಹೋದೆ.

ಭಾನುವಾರ ತರಕಾರಿ ಹೆಚ್ಚುತ್ತಾ ಅಕ್ಕನಿಗೆ ಹೇಳಿದೆ.

"ಸೂಜಿ ಕಂಡ್ರೆ ಬೀಳೋನು ಅವಳ ಹತ್ರ ಚುಚ್ಚಿಸ್ಕೊಂಡ್ನಾ? ಕೆಟ್ಟಿತು ಬಿಡು ಕೆಲಸ. ನಿಂಗೇನೂ ಅನ್ಸಲ್ವೇನೇ?"

"ಇಲ್ಲ."

"ಕಲ್ಲು ಕಣೇ ನೀನು." ಚಾಕು ಕಿತ್ತುಕೊಳ್ಳಲು ಬಂದವಳು ನನ್ನ ಕೈ ಹಿಡಿದು ನಿಂತಳು. "ಬೆರಳೇನೇ ಇದು, ಸುಣ್ಣ ಬಳಿದಂಗೆ?"

"ಕೋಲ್ಡ್ ರೂಮಲ್ಲಿ ಕೆಲಸ ಮಾಡೋರಿಗೆ ಇನ್ನೇನಾಗತ್ತೆ?"

"ಇವತ್ತು ಭಾನುವಾರ. ಯಾವ ಕೋಲ್ಡ್ ರೂಮು?"

ಕೈ ಬಿಡಿಸಿಕೊಂಡು ನೋಡಿದೆ. ಬೆರಳ ತುದಿ ಕುಯ್ದುಹೋಗಿತ್ತು, ಅದೂ ನನಗೆ ಗೊತ್ತಾಗಿರಲಿಲ್ಲ.

ಮರುದಿನ ಕತ್ತಲೆ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋದೆ.

"ನನ್ನ ರಕ್ತ ಯಾಕೆ ಬೇಡ ಈಗ? ಹಳಸಿಹೋಯ್ತಾ?"

ತಮಾಷೆಗೇ ಕೇಳಿದ್ದು. ಗೂಬೆ ನಗಲಿಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟ. "ನೋಡು," ಎಂದ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕೋಶಕೋಶದೊಳಗೂ ಹಸಿರು ಚುಕ್ಕಿಗಳು, ಎಳ್ಳು ಚೆಲ್ಲಿದ ಹಾಗೆ, ಒಂದೊಂದೂ ಸ್ಪಷ್ಟ. ತನ್ನ ದೇಹವನ್ನೇ ಗುರಿ ಹಿಡಿದ ರಕ್ತ ಮಾತ್ರ ಹೀಗೆ ಹೊಳೆಯುತ್ತದೆ.

"ಪಾಠ ಮಾಡೋಕೆ ಎತ್ತಿಡಬೇಕು, ಅಷ್ಟು ಚೆನ್ನಾಗಿದೆ. ಯಾವ ರೋಗಿದು?"

ಅವನು ಸ್ಲೈಡನ್ನು ಸ್ವಲ್ಪ ಸರಿಸಿದ. ಪಕ್ಕದಲ್ಲಿ ಇನ್ನೊಬ್ಬರ ರಕ್ತ ಹಾಕಿದ ಬಿಲ್ಲೆ, ಅಲ್ಲಿ ಬರೀ ಕತ್ತಲೆ.

"ಇದು ನಂದು," ಎಂದ. "ಆ ಹೊಳೀತಿದ್ದಿದ್ದು... ನೀಲಿ ಮುಚ್ಚಳದ್ದು."

ನೀಲಿ ಮುಚ್ಚಳ ಅಂದರೆ ನಾನು. ಅರ್ಥವಾಯಿತು. ಕಣ್ಣು ಮಾತ್ರ ಅಲ್ಲಿಂದ ತೆಗೆಯಲಿಲ್ಲ.

"ಕೆಲವರಿಗೆ ಸುಮ್ನೆ ಮಂಕಾಗಿ ಹೊಳೆಯತ್ತಲ್ಲ, ಏನೂ ಆಗಲ್ಲ ಅಂಥವರಿಗೆ. ಇದೂ ಹಾಗೇ ಇರ್ಲಿ ಅಂತ ನೀರು ಬೆರೆಸ್ತಾ ಹೋದೆ, ಬೆರೆಸ್ತಾ ಹೋದೆ. ಮಂಕೇ ಆಗ್ಲಿಲ್ಲ. ಬಣ್ಣದ ಬಾಟಲಿನೇ ಕೆಟ್ಟಿರಬೇಕು ಅಂದ್ಕೊಂಡೆ. ಕೆಟ್ಟಿದ್ರೆ ನಂದೂ ಹೊಳೀಬೇಕಲ್ವಾ? ಅದಕ್ಕೇ ನಂದು ಹಾಕ್ದೆ. ಬಾಟಲಿ ಬದಲಾಯಿಸಿ ಮತ್ತೆ ಹಾಕ್ದೆ."

"ಮತ್ತೆ ಮತ್ತೆ ಚುಚ್ಚಿಸ್ಕೊಂಡ್ಯಾ?"

"ಪ್ರತಿ ಸಲ ಹೊಳೀಲಪ್ಪಾ ಅಂತ ಬೇಡ್ಕೊಂಡೆ. ಪ್ರತಿ ಸಲ ಹಾಳು ಕತ್ತಲೆ. ಡಾಕ್ಟರಮ್ಮ ನಗ್ತಾರೆ, ಯಾಕೆ ಅಂತ ಅವರಿಗೆ ಹೇಳಿಲ್ಲ."

"ಬೇರೆಯವರ ರಕ್ತ ಹಾಕ್ಬಹುದಿತ್ತಲ್ಲ."

"ನಿನ್ನ ಪಕ್ಕ ಬೇರೆಯವರನ್ನ ಕೂರಿಸೋಕೆ ಮನಸ್ಸಾಗ್ಲಿಲ್ಲ."

ಬೇರೆ ಹುಡುಗಿಯಾಗಿದ್ದರೆ ಅಲ್ಲೇ ಕರಗುತ್ತಿದ್ದಳು. ನನಗೆ ಬಂದದ್ದು ಸಿಟ್ಟು, ಅದೂ ತಣ್ಣಗಿನ ಸಿಟ್ಟು. "ನನ್ನ ರಕ್ತದ ಸುದ್ದಿ ನನಗೇ ಕೊನೆಗಾ?"

"ತಪ್ಪು. ದೊಡ್ಡ ತಪ್ಪು. ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡತ್ತೆ ಅಂತ ಭಯ ಆಯ್ತು."

"ಹೇಳದಿದ್ರೂ ಆಗತ್ತೆ. ಇನ್ಮೇಲೆ ನಂಗೆ ಕೆಂಪು ಮುಚ್ಚಳ ಹಾಕು," ಎಂದು ಎದ್ದು ಬಂದೆ. ಮೇಡಂಗೆ ನಾನೇ ಹೋಗಿ ಹೇಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನೇ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ರಕ್ತ ಓಡದೆ ಬೆರಳು ಹೀಗೆ ಬಿಳಿಚಿ ಮರಗಟ್ಟುವುದು, ಚರ್ಮ ನಿಧಾನವಾಗಿ ಬಿಗಿಯುವ ಕಾಯಿಲೆಯ ಮೊದಲ ಮೆಟ್ಟಿಲು ಇರಬಹುದು ಎಂದರು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು. ರಕ್ತನಾಳ ಸಡಿಲಿಸುವ ಮಾತ್ರೆ, ಕೈಗವಸು, ವರ್ಷ ವರ್ಷ ಎದೆಯ ತಪಾಸಣೆ. ಗುಣ ಮಾಡುವ ಮದ್ದು ಇನ್ನೂ ಇಲ್ಲ. ದಾರಿ ತಪ್ಪಿದ ಬೇಲಿಗೆ ಬುದ್ಧಿ ಹೇಳುವ ಕೋಶಗಳೂ ನಮ್ಮ ಮೈಯಲ್ಲೇ ಇವೆ. ಅವನ್ನು ಹೊರಗೆ ಬೆಳೆಸಿ ಮರಳಿ ಒಳಗೆ ಬಿಡುವ ಪ್ರಯತ್ನ ನಮ್ಮ ಲ್ಯಾಬಿನಲ್ಲೇ ನಡೆದಿದೆ, ಸದ್ಯ ಇಲಿಗಳಲ್ಲಿ. ಅವುಗಳಿಗೆ ಕಾಳು ಹಾಕುವಾಗ ಇನ್ನು ಮೇಲೆ ಮರ್ಯಾದೆಯಿಂದ ಮಾತಾಡಬೇಕು ಅಂದುಕೊಂಡೆ.

ಹೊರಗೆ ಮೆಟ್ಟಿಲ ಮೇಲೆ ಗೂಬೆ ಕೂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ಬೇರೆ ಯಾರದೋ ವಿಷಯ ಹೇಳುವ ಹಾಗೆ.

"ಮದುವೆ ಆಗೋಣ್ವಾ?" ಎಂದ ಒಮ್ಮೆಲೇ.

"ಕನಿಕರದ ಮದುವೆ ನಂಗೆ ಬೇಡ."

"ಕನಿಕರಕ್ಕೆ ಯಾರಾದ್ರೂ ತೋಳು ತೂತು ಮಾಡಿಸ್ಕೋತಾರೇನೇ? ನಿಂಗೇನೂ ಆಗಿಲ್ಲ ಅಂತ ಸಾಧಿಸೋಕೆ ನಾನು ಒದ್ದಾಡಿದ್ದು. ಸೋತೆ." ಅಂಗಿಯ ತೋಳು ಸರಿಸಿದ. ಮೊಣಕೈ ತುಂಬ ಹಸಿರುಗಟ್ಟಿದ ಕಲೆಗಳು. "ಹತ್ತಿ ಹಿಡ್ಕೊಂಡು ಕೂತಾಗ್ಲೆಲ್ಲ ಕೇಳ್ಬೇಕು ಅನ್ಸೋದು. ಆಗ ಕೇಳಿದ್ರೆ ನೀನು ಕನಿಕರ ಅಂತಿರ್ಲಿಲ್ಲ. ಧೈರ್ಯ ಬರೋದು ನಂಗೆ ಯಾವಾಗ್ಲೂ ಲೇಟು."

ಆ ಕಲೆಗಳನ್ನೇ ನೋಡಿದೆ. ಏನಾದರೂ ಅನ್ನಿಸಲಿ ಎಂದು ಕಾದೆ.

"ನಿಂಗೆ ಸುಳ್ಳು ಹೇಳಲ್ಲ. ನಂಗೆ ಏನೂ ಅನ್ನಿಸ್ತಿಲ್ಲ. ತುಂಬಾ ದಿನದಿಂದ ಹೀಗೇ."

"ಸರಿ," ಎಂದು ನನ್ನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡ. ಈ ಸಲ ಹತ್ತಿ ಇರಲಿಲ್ಲ. ನೆಟ್ಟಗೆ ನನ್ನ ಮುಖವನ್ನೇ ನೋಡಿದ. "ಗೊತ್ತಾಗ್ತಿದ್ಯಾ?"

"ಇಲ್ಲ."

ಅವನು ಕೈ ತೆಗೆಯಲಿಲ್ಲ. ಜನ ಮೆಟ್ಟಿಲು ಹತ್ತಿದರು, ಇಳಿದರು. ಬಿಳಿಯ ಬೆರಳುಗಳು ನೀಲಿಯಾದವು. ಆಮೇಲೆ ತುದಿಯಲ್ಲಿ ಎಲ್ಲೋ ಜುಮುಜುಮು ಎಂದಿತು. ನೋಡುನೋಡುತ್ತಲೇ ಸಾವಿರ ಸೂಜಿ ಒಟ್ಟಿಗೆ ಚುಚ್ಚಿದ ಹಾಗೆ ಉರಿ. ರಕ್ತ ವಾಪಸು ಬರುತ್ತಿತ್ತು. ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು, ಅಪ್ಪನಿಗೆಂದು ಬರಬೇಕಿದ್ದದ್ದೂ ಸೇರಿ, ನಿಲ್ಲದೆ.

"ನೋಯ್ತಿದೆ," ಎಂದೆ.

ಗೂಬೆ ಗಾಬರಿಯಾದ. "ಬಿಡ್ಲಾ?"

"ಬಿಟ್ರೆ ನೋಡು."