ಕಂಬಳಿ ಹೊದ್ದ ರಾಣಿ

ರಾಣಿ ಸತ್ತಿದ್ದಳು. ತನ್ನದೇ ಕೋಟೆಯ ಬಾಗಿಲಿನೊಳಗೆ, ಕಂಬಳಿ ಹೊದ್ದ ವೇಷದಲ್ಲಿ!

ಅದು ಕಂಪ್ಯೂಟರಿನಲ್ಲಿ ನಾವೆಲ್ಲ ಬರೆದು ಬರೆದು ಆಡುವ ಆಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಸತ್ತ ಪಾತ್ರ ಮತ್ತೆ ಏಳುವುದಿಲ್ಲ. ಅದು ಹಾಗಿರಲಿ. ರಾಣಿಯನ್ನು ಆಡುತ್ತಿದ್ದ ನರ್ಸು ಬೆಳಿಗ್ಗೆ ನಮ್ಮ ಕನ್ನಡಕದ ಅಂಗಡಿಗೆ ನುಗ್ಗಿದಾಗ ಹಿಂದೆ ಅವಳ ಮೈದುನನಿದ್ದ. ಕೈಯಲ್ಲಿ ಬಟ್ಟೆ ತುರುಕಿದ ಚೀಲ. ಆಟದಲ್ಲಿ ಅವನು ಮಂತ್ರಿ.

“ಇವನೇ ಶತ್ರುಗಳಿಗೆ ಹೇಳಿಕೊಟ್ಟಿದ್ದು! ನನ್ನ ವೇಷ ಮಂತ್ರಿಯೊಬ್ಬನಿಗೇ ಗೊತ್ತಿತ್ತು. ಇನ್ನು ನನ್ನ ಮನೇಲಿ ಇವನಿಗೆ ಜಾಗ ಇಲ್ಲ.”

“ಅತ್ತಿಗೆ, ದೇವರಾಣೆ ನಾನಲ್ಲ...”

ಆಟದ ಸೂತ್ರಧಾರಿ ನನ್ನ ಹೆಂಡತಿ. ಯಾರದೋ ಕನ್ನಡಕದ ತಿರುಪು ಬಿಗಿಮಾಡುತ್ತಲೇ ಕೇಳಿದಳು: “ಪಾತ್ರಗಳ ಮಾತಾಯ್ತು. ಆಡೋರಲ್ಲಿ ಯಾರ್ಯಾರಿಗೆ ಗೊತ್ತಿತ್ತು?”

“ಅದು... ನಮ್ಮ ಕೋಟೆಯವರ ಹರಟೆ ಗುಂಪಲ್ಲಿ ತಮಾಷೆಗೆ ಹಾಕಿದ್ದೆ. ನಾಳೆ ಕಂಬಳಿ ಹೊದ್ಕೊಂಡು ಬರ್ತೀನಿ, ಯಾರಿಗೂ ಗೊತ್ತಾಗಲ್ಲ ಅಂತ.”

“ಡಂಗುರ ಹೊಡೆಸಿ ವೇಷ ಹಾಕಿದ್ದೀಯ. ಭೇಷ್!”

ಆಡುವವನಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿರಕೂಡದು—ಇದು ಆಟದ ಮೊದಲ ನಿಯಮ. ಕಾವ್ಯ ಕೇಳುತ್ತ ಬೆಳೆದ ನನಗೆ ಇದೇನು ಹೊಸದಲ್ಲ. ವೇಷ ಮರೆಸಿ ಬಂದವನು ಯಾರೆಂದು ಕೂತು ಕೇಳುವವರಿಗೆಲ್ಲ ಗೊತ್ತು; ಆದರೂ ನಡುವೆ ಎದ್ದು ಯಾರೂ ಕೂಗುವುದಿಲ್ಲ. ಇಲ್ಲಿ ಯಾರೋ ಕೂಗಿದ್ದರು. ಹೊಸದಾಗಿ ತೆರೆದ ಅನಾಮಿಕ ಖಾತೆಯೊಂದರಿಂದ, ಶತ್ರುಪಾಳೆಯವಾಗಿ ಆಡುವ ಬೇರೆ ತಂಡಕ್ಕೆ ಸುದ್ದಿ ಹೋಗಿತ್ತು. ಅವರು ಹುಲ್ಲಿನ ಗಾಡಿಯಲ್ಲಿ ಅಡಗಿ ಒಳಗೆ ಬಂದು ಕಾದಿದ್ದರು.

ಹೆಂಡತಿ ಹರಟೆ ಗುಂಪಿನ ಉಳಿದಿಬ್ಬರಿಗೂ ಎಲ್ಲರಿಗೂ ಕೇಳುವಂತೆ ಫೋನು ಹಚ್ಚಿದಳು. ಆಸ್ಥಾನದ ಹಾಡುಗಾತಿಯಾಗಿ ಆಡುವವಳು ಕಾರು ಕಲಿಸುವ ಹೆಂಗಸು.

“ನಾನಾ? ರಾಣಿ ಸತ್ರೆ ನನ್ನ ಹಾಡಿಗೆ ಕಿವಿ ಕೊಡೋರ್ಯಾರು?—ಬ್ರೇಕು, ಬ್ರೇಕು ಒತ್ತಯ್ಯ!”

ಇನ್ನೊಬ್ಬರು ಹಲ್ಲಿನ ಡಾಕ್ಟರು. ಅವರದು ಬಾಗಿಲ ಕಾವಲುಗಾರನ ಪಾತ್ರ.

“ಡಾಕ್ಟ್ರೇ, ನಿಮ್ಮ ಕಾವಲುಗಾರ ಬಲು ಚುರುಕು.”

“ಮತ್ತೆ! ಅವನ ಕಣ್ತಪ್ಪಿಸಿ ಇಲೀನೂ ನುಸುಳಲ್ಲ.”

“ಹೌದೌದು. ಕುರಿ ಮೇಯಿಸೋನ್ನ ನಿಲ್ಲಿಸಿ ಕುರಿ ಹೆಸರೂ ಕೇಳಿದ್ದ.”

“ಪಾತ್ರ ಅಂದ್ರೆ ಹಾಗಿರ್ಬೇಕು!”

“ಹುಲ್ಲಿನ ಗಾಡೀನ ಯಾಕೆ ಕೇಳ್ಲಿಲ್ಲ?”

ಫೋನಿನಲ್ಲಿ ಹಲ್ಲು ಕೊರೆಯುವ ಯಂತ್ರದ ಸದ್ದು ನಿಂತಿತು.

“ಕಂಬಳಿ ಹೊದ್ದು ಬಂದವಳನ್ನ?”

“ಅವಳು ರಾಣಿ ಅಂತ ನನ್ನ ಕಾವಲುಗಾರನಿಗೆ ಗೊತ್ತೇ ಇರ್ಲಿಲ್ವಲ್ರೀ! ನಾನು ನಿಯಮ ಪಾಲಿಸಿದ್ದೀನಿ!”

“ಗೊತ್ತಿಲ್ದೋನು ಕೇಳ್ತಾನೆ ಡಾಕ್ಟ್ರೇ. ಕೇಳಿದ್ರೆ ಅವಳು ರಾಜಮುದ್ರೆ ಉಂಗುರ ತೋರಿಸ್ತಿದ್ಲು. ಆಗ ಪಾತ್ರಕ್ಕೂ ಗೊತ್ತಾಗ್ತಿತ್ತು. ಪ್ರಾಣ ಕೊಟ್ಟು ಕಾಯೋ ಪ್ರಮಾಣ ಅವನದ್ದು. ಅದಕ್ಕೇ ಬಾಯಿ ಹೊಲ್ಕೊಂಡ್ರಿ. ಅಷ್ಟು ಜನ ಬಾಗಿಲು ದಾಟಿದ್ರು. ನೀವು ಕೇಳದೆ ಬಿಟ್ಟಿದ್ದು ಕೊಲ್ಲೋರನ್ನ, ಸಾಯೋಳನ್ನ. ಇವರನ್ನಷ್ಟೇ! ಯಾರನ್ನ ಬಿಡಬೇಕು ಅಂತ ಗೊತ್ತಿದ್ದಿದ್ದು ಸುದ್ದಿ ಮುಟ್ಟಿಸಿದೋನಿಗೆ ಮಾತ್ರ.”

“...ಸೇನಾಪತಿ ಪದವಿ ಎಷ್ಟು ಕೇಳಿದ್ರೂ ಈ ರಾಣಿ ಕೊಡ್ಲಿಲ್ಲ. ಅಯ್ಯೋ, ಆಟ ತಾನೇ, ಬಿಡ್ರೀ!”

“ಇಲ್ಲದ ಕೋಟೆಯ ಇಲ್ಲದ ಕುರ್ಚಿಗೆ ಇಷ್ಟು ಜೊಲ್ಲು! ನಾಳೆಯಿಂದ ಬರಬೇಡಿ. ಹಲ್ಲು ಕೀಳ್ಕೊಂಡಿರಿ.”

ಫೋನು ಇಟ್ಟಳು. ನರ್ಸಿನ ಮುಖ ಅರಳಿತು. “ಹಾಗಾದ್ರೆ ನನ್ನ ರಾಣಿ ಮತ್ತೆ—”

“ಏಳಲ್ಲ. ಹರಟೆಗೆ ಸತ್ತಳು, ಸತ್ತೇ ಇರ್ಲಿ. ಆ ಡಾಕ್ಟ್ರಿಗಿಂತ ನೀನೇನು ಮೇಲು? ಮಂತ್ರಿಯನ್ನ ಅನುಮಾನಿಸಿದ್ದು ರಾಣಿ. ಮೈದುನನ ಬಟ್ಟೆ ಕಟ್ಟಿಸಿದ್ದು ಯಾರು?”

ನರ್ಸು ಮೈದುನನ ಕೈಯಿಂದ ಚೀಲ ಕಿತ್ತುಕೊಂಡು ಒಳಗೆ ಇಣುಕಿದಳು.

“ಇಸ್ತ್ರಿ ಮಾಡಿದ್ದನ್ನ ಹೀಗಾ ತುರುಕೋದು, ಕೋತಿ? ನಡಿ ಮನೆಗೆ.”