ಕಿವಿ ಮೇಷ್ಟ್ರ ಎರಡು ಜೊತೆ ಪ್ಯಾಡ್

"ಪರೀಕ್ಷೇಲಿ ಬೇಕಾದ್ರೆ ನಾನೇ ತಪ್ಪು ಹೇಳ್ತೀನಿ ಬಿಡಿ ಮಾವ" ಎಂದಿದ್ದಳು ಅಕ್ಕನ ಮಗಳು. ಮೇಷ್ಟ್ರ ಮೈ ಉರಿದದ್ದು ಪರೀಕ್ಷೆಯಿಂದಲ್ಲ, ಆ ಒಂದು ಮಾತಿನಿಂದ. ತಾವೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ, ಈಗ ಕನಿಕರ ತೋರಿಸುತ್ತಾಳೆ!

ದುಬಾರಿ ಹೆಡ್‌ಫೋನ್ ತಯಾರಿಸುವ ಆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವರು ಕೇಳಿ ತಲೆಯಾಡಿಸದೆ ಒಂದು ಪೀಸೂ ಡಬ್ಬ ಸೇರಿದ್ದಿಲ್ಲ. ಎಲ್ಲರ ಬಾಯಲ್ಲೂ ಅವರು ಕಿವಿ ಮೇಷ್ಟ್ರು. ಹೋದ ತಿಂಗಳು ಎರಡು ಪೀಸು ವಾಪಸು ಬಂದವು, ಸಣ್ಣಗೆ ಸಿಳ್ಳೆ ಬರುತ್ತದೆ ಅಂತ ದೂರು. ಮೇಷ್ಟ್ರು ಹಾಕಿಕೊಂಡು ಕೇಳಿದರು. ಯಾವ ಸಿಳ್ಳೆಯೂ ಇಲ್ಲ. ಅಕ್ಕನ ಮಗಳು ಹಾಕಿಕೊಂಡವಳೇ ಮುಖ ಕಿವುಚಿ ತೆಗೆದುಬಿಟ್ಟಳು. ಕಾರ್ಖಾನೆಯ ಯಜಮಾನರು ಇಬ್ಬರ ಮುಖವನ್ನೂ ನೋಡಿ ಪರೀಕ್ಷೆ ಗೊತ್ತುಮಾಡಿದರು.

ಪರೀಕ್ಷೆ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಲೆಗೆ ಹಾಕಿದ್ದು ಮರದ ಹೆಡ್‌ಫೋನೋ ಲೋಹದ್ದೋ ಎಂದು ಹತ್ತು ಸಲ ಹೇಳಬೇಕು. ಗೆದ್ದವರಿಗೆ ಕೇಳುವ ಕೋಣೆಯ ಕುರ್ಚಿ. ಸೋತವರು ಪ್ಯಾಕಿಂಗಿಗೆ.

ತಮ್ಮ ಕಿವಿಯ ಕತೆ ಮೇಷ್ಟ್ರಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಜ್ವರ ಬಂದಾಗ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡು ಕೂತಿದ್ದರು. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. "ಅದು ಆಗ್ಲಿಂದ ಪೀಪ್ ಪೀಪ್ ಅಂತ ಬಡ್ಕೊಳ್ತಾ ಇದೆ, ನೀವೇನ್ರೀ ಚೀಪ್ತಾ ಕೂತಿದ್ದೀರಾ? ಮಿಠಾಯಿನಾ ಅದು?" ಅವಳು ನಕ್ಕಳು. ಅವರೂ ನಕ್ಕರು. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಮೇಲಿನ ಸ್ವರಗಳೆಲ್ಲ ಒಂದೊಂದಾಗಿ, ಹೇಳದೆ ಕೇಳದೆ ಎದ್ದುಹೋಗಿದ್ದವು. ಕಿವಿ ಬಿಟ್ಟರೆ ಬೇರೆ ಯಾವ ವಿದ್ಯೆಯೂ ಅವರಿಗೆ ಬರುತ್ತಿರಲಿಲ್ಲ.

ಯಜಮಾನರು ಯೋಚಿಸಿದ್ದೇನೋ ಚೆನ್ನಾಗಿಯೇ ಇತ್ತು. ತೂಕದಿಂದ ಗುರುತು ಸಿಗಬಾರದೆಂದು ಹಗುರಾಗಿದ್ದ ಮರದ್ದಕ್ಕೆ ಸೀಸದ ತುಂಡು ಅಂಟಿಸಿದ್ದರು. ಕಿವಿಗೆ ಒತ್ತುವ ಕಡೆ ಎರಡಕ್ಕೂ ಒಂದೇ ಥರದ ಪ್ಯಾಡ್ ಹಾಕಿಸಿ ಮೇಲೆ ಕಪ್ಪು ಬಟ್ಟೆಯ ಗವಸು ತೊಡಿಸಿದ್ದರು. ಆ ಗವಸು ನೋಡಿದ ಕ್ಷಣವೇ ಮೇಷ್ಟ್ರಿಗೆ ಉಪಾಯ ಹೊಳೆದಿತ್ತು. ಗವಸಿನ ಒಳಗೆ ಏನಿದೆ ಅಂತ ಯಾರು ಬಿಚ್ಚಿ ನೋಡುತ್ತಾರೆ?

ಹೆಡ್‌ಫೋನಿನ ಸದ್ದೆಲ್ಲ ಒಳಗಿನ ಸ್ಪೀಕರಿನದು ಎಂದುಕೊಳ್ಳುವವರು ಪೆದ್ದರು. ಅರ್ಧ ಸದ್ದು ಪ್ಯಾಡಿನದು. ಮಖಮಲ್ಲಿನ ಪ್ಯಾಡಿನಲ್ಲಿ ಗಾಳಿಯಾಡಿ ಬಾಸ್, ಅಂದರೆ ತಗ್ಗಿನ ಸ್ವರ, ಸೋರಿಹೋಗುತ್ತದೆ. ದಪ್ಪ ಚರ್ಮದ್ದು ಕಿವಿಯ ಸುತ್ತ ಮುಚ್ಚಳದಂತೆ ಕೂತು ಬಾಸ್ ತುಂಬಿಸುತ್ತದೆ. ಮರದ್ದು ತುಂಬು ಕಂಠದ್ದು, ಅದಕ್ಕೆ ಮಖಮಲ್ಲು. ಲೋಹದ್ದು ತೆಳು ಕಂಠದ್ದು, ಅದಕ್ಕೆ ಚರ್ಮ. ಡೊಳ್ಳುಹೊಟ್ಟೆಯವನನ್ನು ಇಳಿಸಿ ಬಡಕಲನನ್ನು ಮೇಯಿಸಿದ ಹಾಗೆ, ಎರಡೂ ಅವಳಿಜವಳಿ! ಲೋಹದ್ದರಲ್ಲಿ ತುದಿಯ ಸ್ವರ ಸ್ವಲ್ಪ ಚುಚ್ಚುತ್ತದೆ, ಹುಡುಗಿ ಹಿಡಿಯುವುದಿದ್ದರೆ ಅಲ್ಲೇ. ಅದಕ್ಕೂ ಒಂದು ತೆಳ್ಳಗಿನ ಫೆಲ್ಟ್ ಬಟ್ಟೆಯ ಬಿಲ್ಲೆ ಕತ್ತರಿಸಿಟ್ಟುಕೊಂಡರು. ಇನ್ನು ಎಂಥ ಕಿವಿಗೂ ವ್ಯತ್ಯಾಸ ಸಿಗದು.

ಮೇಷ್ಟ್ರಿಗೆ ಕಿವಿ ಬೇಕೇ ಇರಲಿಲ್ಲ. ಮರದ್ದರ ಎಡ ಗವಸಿನಲ್ಲಿ, ಕಿವಿಯ ಹಿಂದೆ ತಾಗುವ ಜಾಗಕ್ಕೆ, ಸಾಸಿವೆ ಕಾಳಿನಷ್ಟು ದಾರದ ಗಂಟು ಹಾಕಿದರೆ ಸಾಕು. ತಮ್ಮ ಬೋಳುತಲೆಗೆ ಅದು ಚುಚ್ಚುತ್ತದೆ. ಅಲ್ಲೆಲ್ಲ ದಟ್ಟ ಕೂದಲಿರುವ ಹುಡುಗಿಗೆ ಗೊತ್ತೂ ಆಗುವುದಿಲ್ಲ. ಅವಳು ಕಿವಿಯನ್ನೇ ನಂಬಿ ಸೋಲುತ್ತಾಳೆ, ಪಾಪ. ಹಾಗೆ ನಂಬಲು ಕಲಿಸಿದವರೂ ಅವರೇ.

ಶುಕ್ರವಾರ ಎಲ್ಲರೂ ಊಟಕ್ಕೆ ಹೋದರು. "ಬನ್ನಿ ಮಾವ, ಚೂರು ತಿಂದು ಬರೋಣ" ಎಂದಳು ಹುಡುಗಿ.

"ಹೊಟ್ಟೆ ತುಂಬಿದ್ರೆ ಕಿವಿ ಮಲಗುತ್ತೆ ಪುಟ್ಟಿ. ನೀನು ಹೋಗು, ಚೆನ್ನಾಗಿ ತಿನ್ನು."

ಪ್ಯಾಡ್ ಬದಲಿಸಿ, ಬಿಲ್ಲೆ ಕೂರಿಸಿ, ಗಂಟು ಹಾಕಲು ಏಳು ನಿಮಿಷ. ಆಮೇಲೆ ಲೋಹದ್ದನ್ನೂ ಮರದ್ದನ್ನೂ ಒಂದಾದ ಮೇಲೊಂದರಂತೆ ಒಳಗೆ ಮೈಕ್ ಕೂರಿಸಿದ ರಬ್ಬರ್ ಕಿವಿಗೆ ತೊಡಿಸಿ, ಬೇಕಾದ ಸ್ವರ ಹೊರಡಿಸುವ ಟೋನ್ ಪೆಟ್ಟಿಗೆಯಲ್ಲಿ ಕೆಳಗಿನ ಸ್ವರದಿಂದ ಮೇಲಿನದರವರೆಗೆ ಬಿಟ್ಟು ನೋಡಿದರು. ನೂರು ಹರ್ಟ್ಸಿನಲ್ಲಿ ಮೀಟರಿನ ಮುಳ್ಳು ಎರಡಕ್ಕೂ ಒಂದೇ ಕಡೆ ನಿಂತಿತು. ಸಾವಿರದಲ್ಲೂ ಅಷ್ಟೇ. ಕೊನೆಗೆ ಹನ್ನೆರಡು ಸಾವಿರ, ತುತ್ತತುದಿಯ ಸ್ವರ. ಇಲ್ಲಿ ಕಿವಿಯ ಹಂಗಿಲ್ಲ, ಮುಳ್ಳೊಂದೇ ಸಾಕ್ಷಿ. ಅದು ಚೆನ್ನಾಗಿ ಮೇಲೇಳಲೆಂದು ವಾಲ್ಯೂಮ್ ಜೋರಾಗಿಯೇ ತಿರುಗಿಸಿದರು. ಲೋಹದ್ದು ಎಲ್ಲಿ ನಿಂತಿತೋ ಮರದ್ದೂ ಕೂದಲೆಳೆ ಆಚೀಚೆ ಇಲ್ಲದೆ ಅಲ್ಲೇ ನಿಂತಿತು. ಮೇಷ್ಟ್ರ ಕಣ್ಣು ತುಂಬಿಬಂತು. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಅವರು ಮಾಡಿರಲಿಲ್ಲ.

ರಬ್ಬರ್ ಕಿವಿಯ ಮೈಕ್ ಕಿತ್ತರು. ಮುಳ್ಳು ಸೊನ್ನೆಗೆ ಬಿತ್ತು. ಎರಡು ಹೆಡ್‌ಫೋನನ್ನೂ ವೈರು ಕೀಳದೆ ಸ್ಟ್ಯಾಂಡಿಗೆ ತೂಗುಹಾಕಿ, ಹಳೇ ಪ್ಯಾಡುಗಳನ್ನು ಚೀಲದ ತಳಕ್ಕೆ ತುರುಕಿ, ಕಣ್ಣಿಗೆ ಕಟ್ಟುವ ಬಟ್ಟೆಯನ್ನು ಮಡಚಿ ಟೋನ್ ಪೆಟ್ಟಿಗೆಯ ಮೇಲಿಟ್ಟರು. ಕೋಣೆ ಗಪ್‌ಚಿಪ್. ಕುರ್ಚಿಯಲ್ಲಿ ಬೆನ್ನು ಚಾಚಿ ಕೂತರು, ಇನ್ನು ಅದು ಅವರದೇ.

ಎರಡೂವರೆಗೆ ಬಾಗಿಲು ತೆರೆಯಿತು. ಒಳಗೆ ಕಾಲಿಟ್ಟ ಹುಡುಗಿ ಅಲ್ಲೇ ನಿಂತು ಎರಡೂ ಕಿವಿ ಮುಚ್ಚಿಕೊಂಡಳು. ಹಿಂದೆ ಬಂದ ಯಜಮಾನರೂ ಹಲ್ಲು ಕಚ್ಚಿದರು.

"ಅಬ್ಬಬ್ಬಾ! ಏನ್ ಮೇಷ್ಟ್ರೇ ಇದು?"

ಹೊಸ ತಮಾಷೆ ಇರಬೇಕು ಎಂದುಕೊಂಡು ಮೇಷ್ಟ್ರು ನಕ್ಕರು. "ಏನಿದೆ ಸಾರ್? ಊಟದ ಹೊತ್ತಿಂದ ನಾನಿಲ್ಲೇ ಕೂತಿದ್ದೀನಿ, ಒಂದು ಪಿಟ್ಟಿಲ್ಲ, ಚಕಾರ ಇಲ್ಲ."

ಹುಡುಗಿ ಮಾವನ ಮುಖ ನೋಡಲಿಲ್ಲ. ನೇರ ಹೋಗಿ ಪೆಟ್ಟಿಗೆಯ ಮೇಲಿನ ಬಟ್ಟೆ ಎತ್ತಿದಳು. ಕೆಳಗೆ ಹಸಿರು ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಹನ್ನೆರಡು ಸಾವಿರ ಎಂಬ ಅಂಕಿ. ಅವಳು ಗುಂಡಿ ಒತ್ತಿ ಆರಿಸಿದಳು. ಯಜಮಾನರ ಹುಬ್ಬು ಸಡಿಲವಾಯಿತು, ಹುಡುಗಿಯ ಹೆಗಲು ಇಳಿಯಿತು. ಮೇಷ್ಟ್ರಿಗೆ ಮಾತ್ರ ಕೋಣೆ ಮೊದಲು ಹೇಗಿತ್ತೋ ಹಾಗೇ ಇತ್ತು.